ಸಮಸ್ಯೆಗಳು ಸಾಲಾಗಿ ನಿಲ್ಲುವುದಿಲ್ಲ

ನಿಮ್ಮ ಕೈಗೆ ಯಾರೋ 5,000 ಕೋಟಿ ಡಾಲರ್ ಕೊಟ್ಟು, ಇದರಲ್ಲಿ ಜಗತ್ತಿನ ಕಷ್ಟ ಎಷ್ಟಾಗುತ್ತೋ ಅಷ್ಟು ಕಮ್ಮಿ ಮಾಡಿ ಅಂತ ಹೇಳಿದರು ಅಂದುಕೊಳ್ಳಿ. ಎಲ್ಲಿಂದ ಶುರು ಮಾಡುತ್ತೀರಿ?

2004ರಲ್ಲಿ ಎಂಟು ಜನ ಅರ್ಥಶಾಸ್ತ್ರಜ್ಞರು ಕೋಪನ್‌ಹೇಗನ್‌ನಲ್ಲಿ ಇದೇ ಪ್ರಶ್ನೆ ಹಿಡಿದು ಕೂತರು. ನೊಬೆಲ್ ಬಂದವರೂ ಅವರಲ್ಲಿದ್ದರು. ಹಸಿವು, ರೋಗ, ಯುದ್ಧ, ಹವಾಮಾನ, ಶಿಕ್ಷಣ ಎಲ್ಲವನ್ನೂ ಮುಂದೆ ಹರಡಿಕೊಂಡು, ಎಲ್ಲಿ ಒಂದು ಡಾಲರ್ ಹಾಕಿದರೆ ಎಷ್ಟು ಒಳ್ಳೆಯದಾಗುತ್ತದೆ ಅಂತ ಲೆಕ್ಕ ಹಾಕಿ, ಮೇಲಿಂದ ಕೆಳಕ್ಕೆ ಒಂದು ಪಟ್ಟಿ ಮಾಡಿದರು. ಏಡ್ಸ್ ತಡೆಯುವುದು ಮೊದಲು ಬಂತು. ಅಪೌಷ್ಟಿಕತೆ ಎರಡನೆಯದು. ಹವಾಮಾನ ಬದಲಾವಣೆಯ ಯೋಜನೆಗಳು ತಳ ಸೇರಿದವು. ನಾಲ್ಕು ವರ್ಷ ಬಿಟ್ಟು 2008ರಲ್ಲಿ ಮತ್ತೆ ಪಟ್ಟಿ ಮಾಡಿದಾಗ ಮೊದಲ ಜಾಗ ಮಕ್ಕಳಿಗೆ ಕೊಡುವ ಎ ವಿಟಮಿನ್ ಮತ್ತು ಜಿಂಕ್‌ಗೆ ಸಿಕ್ಕಿತು.

ನೋಡಿ, ಪಟ್ಟಿಯೇ ಬದಲಾಯಿತು ಅಂತ ನಗುವುದು ಸುಲಭ. ನನಗೆ ನಗು ಬರುವುದಿಲ್ಲ. ದುಡ್ಡಿಗೆ ಮಿತಿ ಇದೆ, ಸಮಯಕ್ಕೂ ಇದೆ. "ಎಲ್ಲವೂ ಅಷ್ಟೇ ಮುಖ್ಯ" ಅಂತ ಹೇಳಿ ಕೈ ತೊಳೆದುಕೊಳ್ಳುವವರಿಗಿಂತ, ಇದು ಮೊದಲು, ಅದು ಆಮೇಲೆ ಅಂತ ಬರೆದು ಬೈಸಿಕೊಳ್ಳುವವರು ಎಷ್ಟೋ ಪ್ರಾಮಾಣಿಕರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆ ಹುಟ್ಟಿದ್ದೇ ಆದ್ಯತೆ ಗೊತ್ತಿಲ್ಲದವರನ್ನು ಆಡಿಕೊಳ್ಳಲು, ಅಲ್ವಾ?

ನನ್ನ ತಕರಾರು ಬೇರೆ. ಪಟ್ಟಿ ಮಾಡಲು ಪೆನ್ನು ಎತ್ತಿಕೊಂಡಾಗಲೇ ನಾವು ಗೊತ್ತಿಲ್ಲದೆ ಒಂದು ಮಾತಿಗೆ ಹೂಂ ಅಂದುಬಿಟ್ಟಿರುತ್ತೇವೆ. ಸಮಸ್ಯೆಗಳು ಟಿಕೆಟ್ ಕೌಂಟರ್ ಮುಂದೆ ನಿಂತ ಜನರ ಹಾಗೆ ಒಬ್ಬರ ಹಿಂದೆ ಒಬ್ಬರು ನಿಂತಿದ್ದಾರೆ, ಮುಂದಿನವರನ್ನು ಕಳಿಸಿದರೆ ಹಿಂದಿನವರು ಒಂದು ಹೆಜ್ಜೆ ಮುಂದೆ ಬರುತ್ತಾರೆ ಅನ್ನುವ ಮಾತಿಗೆ. ಸಮಾಜದ ದೊಡ್ಡ ಸಮಸ್ಯೆಗಳು ಹಾಗೆ ನಿಂತಿರುವುದೇ ಇಲ್ಲ. ಅವು ಸಿಕ್ಕುಬಿದ್ದ ನೂಲಿನ ಹಾಗೆ. ನೂಲಿನ ಸಿಕ್ಕು ಬಿಡಿಸಿದವರಿಗೆ ಗೊತ್ತು, ಎಲ್ಲಕ್ಕಿಂತ ಬಿಗಿಯಾದ ಗಂಟನ್ನು ಮೊದಲು ಹಿಡಿದು ಎಳೆದರೆ ಅದು ಇನ್ನೂ ಬಿಗಿಯಾಗುತ್ತದೆ, ಜೊತೆಗೆ ಪಕ್ಕದಲ್ಲಿ ಎರಡು ಹೊಸ ಗಂಟು ಬೀಳುತ್ತವೆ. ಅಲ್ಲಿಷ್ಟು ಸಡಿಲ ಮಾಡಿ, ಇಲ್ಲಿಷ್ಟು ಸಡಿಲ ಮಾಡಿ, ಒಂದು ಎಳೆ ಎಲ್ಲಿಗೆ ಹೋಗುತ್ತದೆ ಅಂತ ಬೆರಳಲ್ಲಿ ಹಿಂಬಾಲಿಸಬೇಕು.

ಎಲ್ಲವೂ ಸಿಕ್ಕೇ ಅಂತ ನಾನು ಹೇಳುತ್ತಿಲ್ಲ. ಕೆಲವು ಸಮಸ್ಯೆ ನಿಜವಾಗಿ ಸಾಲಿನಲ್ಲಿ ನಿಲ್ಲುತ್ತವೆ. ಸಿಡುಬನ್ನೇ ತಗೊಳ್ಳಿ. 1967ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಟ್ಟು ಹಿಡಿದು ಶುರು ಮಾಡಿತು, 1977ರಲ್ಲಿ ಸೊಮಾಲಿಯಾದಲ್ಲಿ ಸಹಜವಾಗಿ ಬಂದ ಕೊನೆಯ ಪ್ರಕರಣ ಕಂಡಿತು, 1980ರಲ್ಲಿ ರೋಗ ಹೋಯಿತು ಅಂತ ಘೋಷಣೆಯಾಯಿತು. ಎಲ್ಲರಿಗೂ ಲಸಿಕೆ ಹಾಕುವ ಬದಲು, ರೋಗಿ ಸಿಕ್ಕ ಕಡೆ ಅವರ ಸುತ್ತಲಿನವರಿಗೆ ಮೊದಲು ಹಾಕಿ ಉಂಗುರ ಕಟ್ಟಿದರು. ಅಪ್ಪಟ ಆದ್ಯತೆಯ ಕೆಲಸ ಅದು. ಆದರೆ ಅದು ಯಾಕೆ ಗೆದ್ದಿತು ಅಂತ ನೋಡಿ: ಆ ವೈರಸ್ ಮನುಷ್ಯರಲ್ಲಿ ಮಾತ್ರ ಇತ್ತು, ಪ್ರಾಣಿಗಳಲ್ಲಿ ಅಡಗಿರಲಿಲ್ಲ, ರೋಗ ಬಂದರೆ ಮುಖದ ಮೇಲೇ ಕಾಣುತ್ತಿತ್ತು, ಲಸಿಕೆ ಬಿಸಿಲಿಗೆ ಕೆಡುತ್ತಿರಲಿಲ್ಲ, ಗುರಿ ಏನು ಅನ್ನುವುದರಲ್ಲಿ ಯಾರಿಗೂ ಜಗಳ ಇರಲಿಲ್ಲ. ಒಂದು ಸಲ ಮುಗಿದರೆ ಮುಗಿಯಿತು. ಇಷ್ಟೆಲ್ಲ ಕೂಡಿ ಬರುವುದು ಅಪರೂಪ. ಒಂದು ಗೆಲುವು ನೋಡಿ ಬಡತನಕ್ಕೂ, ಶಾಲೆಗೂ, ಅಪರಾಧಕ್ಕೂ ಇದೇ ಮಂತ್ರ ಹಾಕಲು ಹೊರಟರೆ ತೊಂದರೆ.

ಏನು ತೊಂದರೆ? ಏಡ್ಸ್ ಔಷಧಿಯ ಕತೆ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ.

2000ದ ಹೊತ್ತಿಗೆ ಎಚ್‌ಐವಿ ಇರುವವರನ್ನು ಬದುಕಿಸಿ ಇಡುವ ಔಷಧಿಗಳು ಬಂದಾಗಿತ್ತು. ಒಬ್ಬರಿಗೆ ವರ್ಷಕ್ಕೆ 10,000 ಡಾಲರ್ ಮೇಲೆ ಖರ್ಚು. ಅತಿ ಹೆಚ್ಚು ರೋಗಿಗಳಿದ್ದದ್ದು ಸಹಾರಾ ಕೆಳಗಿನ ಆಫ್ರಿಕಾದ ಬಡ ದೇಶಗಳಲ್ಲಿ. ಆಗ ಲೆಕ್ಕ ಬಲ್ಲವರು ಹೇಳಿದ್ದು ಏನೆಂದರೆ, ಚಿಕಿತ್ಸೆ ಬಿಡಿ, ತಡೆಗಟ್ಟುವುದಕ್ಕೆ ದುಡ್ಡು ಹಾಕಿ. 2002ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಲೆಕ್ಕದ ಪ್ರಕಾರ, ಅದೇ ದುಡ್ಡಿಗೆ ತಡೆಗಟ್ಟುವಿಕೆಯಿಂದ ಸಿಗುವ ಫಲ ಚಿಕಿತ್ಸೆಗಿಂತ ಕನಿಷ್ಠ 28 ಪಟ್ಟು ಜಾಸ್ತಿ. ಅಂದರೆ ಈಗಾಗಲೇ ಸೋಂಕು ತಗುಲಿದವರು ಪಟ್ಟಿಯ ಕೆಳಗೆ. ಕೇಳಲು ಕ್ರೂರ ಅನ್ನಿಸುತ್ತದೆ. ಆದರೆ ಬರೆದವರು ಕ್ರೂರಿಗಳಲ್ಲ. ಅವರ ಮುಂದಿದ್ದ ಅಂಕಿ ಇಟ್ಟುಕೊಂಡು ನೀವು ಕೂತಿದ್ದರೂ, ನಾನು ಕೂತಿದ್ದರೂ, ಬಹುಶಃ ಅದೇ ಉತ್ತರ ಬರುತ್ತಿತ್ತು.

ತಪ್ಪಿದ್ದು ಗುಣಾಕಾರದಲ್ಲಲ್ಲ. ಲೆಕ್ಕದೊಳಗೆ ಔಷಧಿಯ ಬೆಲೆ ಅಂತ ಒಂದು ಅಂಕಿ ಇರುತ್ತದಲ್ಲ, ಅದನ್ನು ನೀರು 100 ಡಿಗ್ರಿಗೆ ಕುದಿಯುತ್ತದೆ ಅನ್ನುವ ಹಾಗೆ ಪ್ರಕೃತಿಯ ನಿಯಮ ಅಂತ ನಂಬಿದ್ದರಲ್ಲಿ ತಪ್ಪಿತ್ತು. ಅದು ನಿಯಮ ಅಲ್ಲ, ಯಾರೋ ತೀರ್ಮಾನಿಸಿದ್ದು. ಪೇಟೆಂಟ್ ಇತ್ತು, ಕಂಪನಿಗಳಿದ್ದವು, ಸರ್ಕಾರಗಳಿದ್ದವು. ದಕ್ಷಿಣ ಆಫ್ರಿಕಾದಲ್ಲಿ ರೋಗಿಗಳೇ ಬೀದಿಗಿಳಿದರು. 2001ರ ಫೆಬ್ರವರಿಯಲ್ಲಿ ಭಾರತದ ಸಿಪ್ಲಾ ಕಂಪನಿ ಅದೇ ಮೂರು ಔಷಧಿಗಳ ಜೋಡಣೆಯನ್ನು ವರ್ಷಕ್ಕೆ 350 ಡಾಲರ್‌ಗೆ ಕೊಡುತ್ತೇವೆ ಅಂತ, ಗಡಿಗಳಿಲ್ಲದ ವೈದ್ಯರ ಸಂಸ್ಥೆಗೆ ಹೇಳಿತು. ದಿನಕ್ಕೆ ಒಂದು ಡಾಲರ್ ಕೂಡ ಬೀಳುವುದಿಲ್ಲ! ಅಗ್ಗದ ಔಷಧಿಗೆ ದಾರಿ ಮಾಡಿದ್ದ ದಕ್ಷಿಣ ಆಫ್ರಿಕಾದ ಕಾನೂನಿನ ವಿರುದ್ಧ ಕೋರ್ಟಿಗೆ ಹೋಗಿದ್ದ 39 ಔಷಧಿ ಕಂಪನಿಗಳು ಅದೇ ವರ್ಷದ ಏಪ್ರಿಲ್‌ನಲ್ಲಿ ಕೇಸು ವಾಪಸ್ ತಗೊಂಡವು. ಮುಂದೆ ಬೆಲೆ 100 ಡಾಲರ್‌ಗಿಂತಲೂ ಕೆಳಗಿಳಿಯಿತು.

ಇಲ್ಲಿಗೆ ನಿಂತಿದ್ದರೆ ಇದು ಬರೀ ಬೆಲೆಯ ಕತೆ. 2011ರಲ್ಲಿ ಇನ್ನೊಂದು ಗೊತ್ತಾಯಿತು. ಒಂಬತ್ತು ದೇಶಗಳಲ್ಲಿ, ಸಂಗಾತಿಗಳಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದ 1,700ಕ್ಕೂ ಹೆಚ್ಚು ಜೋಡಿಗಳನ್ನು ಗಮನಿಸಿದ ಅಧ್ಯಯನದಲ್ಲಿ, ಸೋಂಕಿದ್ದವರಿಗೆ ಬೇಗ ಔಷಧಿ ಶುರು ಮಾಡಿದರೆ ಸಂಗಾತಿಗೆ ಹರಡುವುದು 96% ಕಮ್ಮಿಯಾಯಿತು. ಅಂದರೆ ಚಿಕಿತ್ಸೆಯೇ ತಡೆಗಟ್ಟುವಿಕೆ! ಯಾವುದು ಮೊದಲು, ಯಾವುದು ಆಮೇಲೆ ಅಂತ ಹತ್ತು ವರ್ಷ ಕಿತ್ತಾಡಿದ ಎರಡು ಸಾಲುಗಳು ಅಸಲಿಗೆ ಒಂದೇ ಎಳೆಯ ಎರಡು ತುದಿ. ಈಗ ಜಗತ್ತಿನಲ್ಲಿ ಸುಮಾರು 3 ಕೋಟಿ ಜನ ಈ ಔಷಧಿ ತಗೊಳ್ಳುತ್ತಿದ್ದಾರೆ. 2002ರ ಪಟ್ಟಿಯನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದರೆ ಅವರಲ್ಲಿ ಎಷ್ಟೋ ಜನ ಇರುತ್ತಿರಲಿಲ್ಲ.

ತಡೆಗಟ್ಟುವಿಕೆಗೆ ದುಡ್ಡು ಕೇಳಿದವರೂ ಸುಮ್ನೆ ಕೇಳಲಿಲ್ಲ, ಅದೂ ಬೇಕಿತ್ತು. ಆ ಹೊತ್ತಿಗೆ ಕೈಯಲ್ಲಿದ್ದ ದುಡ್ಡು ಅಷ್ಟೇ ಆಗಿದ್ದು ನಿಜ. ಆದರೆ "ಇರುವ ದುಡ್ಡನ್ನು ಹೇಗೆ ಹಂಚಲಿ" ಅನ್ನುವ ಪ್ರಶ್ನೆಯೊಳಗೇ ಕೂತವರಿಗೆ "ಇಷ್ಟೇ ಯಾಕೆ ಇದೆ, ಅಷ್ಟು ಬೆಲೆ ಯಾಕೆ ಇದೆ" ಅನ್ನುವ ಪ್ರಶ್ನೆ ಹೊಳೆಯುವುದು ಕಷ್ಟ. ಎಕ್ಸೆಲ್ ಶೀಟಿನಲ್ಲಿ ಅದಕ್ಕೊಂದು ಕಾಲಂ ಇರುವುದಿಲ್ಲ.

ಇನ್ನೊಂದು ಬಗೆಯ ಸಿಕ್ಕಿದೆ. ಇಲ್ಲಿ ಬೆಲೆಯೂ ಬದಲಾಗುವುದಿಲ್ಲ, ಯಾರೂ ತಪ್ಪೂ ಮಾಡಿರುವುದಿಲ್ಲ, ಆದರೂ ಪಟ್ಟಿ ದಾರಿ ತಪ್ಪಿಸುತ್ತದೆ.

ಹೆರಿಗೆಯಲ್ಲಿ ತಾಯಿ ಯಾಕೆ ಸಾಯುತ್ತಾಳೆ ಅನ್ನುವುದಕ್ಕೆ 1994ರಲ್ಲಿ ಸೆರೀನ್ ತಡೇಯಸ್ ಮತ್ತು ಡೆಬೊರಾ ಮೇನ್ ಅನ್ನುವ ಇಬ್ಬರು ಸಂಶೋಧಕಿಯರು ಒಂದು ಸರಳ ಚೌಕಟ್ಟು ಕೊಟ್ಟರು. ಮೂರು ತಡಗಳು. ಆಸ್ಪತ್ರೆಗೆ ಹೋಗಬೇಕು ಅಂತ ತೀರ್ಮಾನಿಸಲು ಆಗುವ ತಡ. ಹೊರಟ ಮೇಲೆ ಮುಟ್ಟಲು ಆಗುವ ತಡ. ಮುಟ್ಟಿದ ಮೇಲೆ ಚಿಕಿತ್ಸೆ ಸಿಗಲು ಆಗುವ ತಡ. ಈಗ ಒಂದು ರಾತ್ರಿ ಊಹಿಸಿಕೊಳ್ಳಿ. ಮಗು ಹುಟ್ಟಿದೆ, ತಾಯಿಗೆ ರಕ್ತ ನಿಲ್ಲುತ್ತಿಲ್ಲ. ಇಂಥ ರಕ್ತಸ್ರಾವಕ್ಕೆ ಎರಡು ಗಂಟೆ ಸಾಕು ಜೀವ ತೆಗೆಯಲು. ಇದು ಅಪಾಯದ ಲಕ್ಷಣ ಅಂತ ಮನೆಯಲ್ಲಿ ಯಾರಿಗಾದರೂ ಗೊತ್ತಿರಬೇಕು. ಹೊರಡೋಣ ಅಂತ ಹೇಳುವ ಅಧಿಕಾರ ಅಲ್ಲಿದ್ದವರಿಗೆ ಇರಬೇಕು. ಗಾಡಿ ಸಿಗಬೇಕು, ಗಾಡಿ ಓಡುವ ರಸ್ತೆ ಇರಬೇಕು. ಆಸ್ಪತ್ರೆಯ ಬಾಗಿಲು ತೆರೆದಿರಬೇಕು, ಒಳಗೆ ಕೆಲಸ ಬಲ್ಲವರಿರಬೇಕು, ಫ್ರಿಜ್ಜಿನಲ್ಲಿ ರಕ್ತ ಇರಬೇಕು.

ಈಗ ಲೆಕ್ಕಿಗರ ಹಾಗೆ ಒಂದೊಂದನ್ನೇ ಬಿಡಿಸಿ ಅಳೆಯಿರಿ. ಬರೀ ಆಂಬ್ಯುಲೆನ್ಸ್ ಕೊಟ್ಟರೆ? ಆಸ್ಪತ್ರೆಯಲ್ಲಿ ರಕ್ತ ಇಲ್ಲ, ಫಲ ಕಮ್ಮಿ. ಬರೀ ರಕ್ತ ಇಟ್ಟರೆ? ತಾಯಿ ಬಂದು ಮುಟ್ಟುವುದೇ ಇಲ್ಲ, ಫಲ ಕಮ್ಮಿ. ಬರೀ ಮನೆಯವರಿಗೆ ತಿಳಿವಳಿಕೆ ಕೊಟ್ಟರೆ? ಗೊತ್ತಿದ್ದೂ ಹೋಗಲು ಗಾಡಿ ಇಲ್ಲ. ಒಂದೊಂದೂ ಪಟ್ಟಿಯಲ್ಲಿ ಕೆಳಗೆ ಬೀಳುತ್ತದೆ. ಎಲ್ಲ ಒಟ್ಟಿಗೆ ಇದ್ದರೆ ತಾಯಿ ಬದುಕುತ್ತಾಳೆ, ಆದರೆ "ಎಲ್ಲ ಒಟ್ಟಿಗೆ" ಅನ್ನುವ ಸಾಲು ಪಟ್ಟಿಯಲ್ಲೇ ಇಲ್ಲ. ಇದು ಕೂಡುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ. ಒಂದು ಕಡೆ ಸೊನ್ನೆ ಇದ್ದರೆ ಉಳಿದದ್ದೆಲ್ಲ ಸೊನ್ನೆ.

ಎಷ್ಟೋ ವರ್ಷ ಆಗಿದ್ದೂ ಅದೇ. ಅಗ್ಗದ ಉಪಾಯ ಅಂತ ಊರಿನ ಸೂಲಗಿತ್ತಿಯರಿಗೆ ತರಬೇತಿ ಕೊಟ್ಟರು, ಯಾರಿಗೆ ಅಪಾಯ ಬರಬಹುದು ಅಂತ ಮುಂಚೆಯೇ ಆರಿಸಲು ನೋಡಿದರು. ತಾಯಂದಿರ ಸಾವು ಅಂದುಕೊಂಡಷ್ಟು ಇಳಿಯಲಿಲ್ಲ. ಯಾಕೆಂದರೆ ಯಾರಿಗೆ ರಕ್ತ ನಿಲ್ಲುವುದಿಲ್ಲ ಅಂತ ಮೊದಲೇ ಹೇಳುವುದು ಹೆಚ್ಚುಕಮ್ಮಿ ಅಸಾಧ್ಯ, ಮತ್ತು ಸೂಲಗಿತ್ತಿ ಎಷ್ಟೇ ಜಾಣೆಯಾದರೂ ಆಕೆಯ ಹಿಂದೆ ಗಾಡಿಯೂ ಇಲ್ಲ, ಆಪರೇಷನ್ ಥಿಯೇಟರೂ ಇಲ್ಲ.

ಇಷ್ಟು ಹೊತ್ತು ಯಾವುದು ಮೊದಲು ಅನ್ನುವ ಬಗ್ಗೆ ಮಾತಾಡಿದೆವು. ಇದರ ಅವಳಿ ಸೋದರ ಒಬ್ಬನಿದ್ದಾನೆ: ಅತ್ಯುತ್ತಮ ಮಾಡುವುದು, ಆಪ್ಟಿಮೈಸ್ ಮಾಡುವುದು. ಒಂದು ಅಳತೆ ಆರಿಸಿಕೊಂಡು ಅದನ್ನು ಎಷ್ಟಾಗುತ್ತೋ ಅಷ್ಟು ಮೇಲಕ್ಕೆತ್ತುವುದು. ಇದರ ಕಾಯಿಲೆ ಜಾಸ್ತಿ ಜನಕ್ಕೆ ಗೊತ್ತಿರುವಂಥದ್ದೇ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ 2000ದ ದಶಕದಲ್ಲಿ ನಾಲ್ಕು ಗಂಟೆಯ ಗುರಿ ಇಟ್ಟರು. ಬಂದ ರೋಗಿ ನಾಲ್ಕು ಗಂಟೆಯೊಳಗೆ ಒಂದೋ ವಾರ್ಡಿಗೆ, ಇಲ್ಲ ಮನೆಗೆ. ಕಾಯುವ ಸಮಯ ನಿಜವಾಗಿ ಇಳಿಯಿತು, ಅದನ್ನು ಒಪ್ಪಲೇಬೇಕು. ಆದರೆ ಯಾವ ನಿಮಿಷದಲ್ಲಿ ಎಷ್ಟು ಜನ ಹೊರಗೆ ಹೋದರು ಅಂತ ಗ್ರಾಫ್ ಬರೆದರೆ, ನಾಲ್ಕನೇ ಗಂಟೆಗೆ ಹತ್ತೇ ನಿಮಿಷ ಇದೆ ಅನ್ನುವಾಗ ಗೆರೆ ಗೋಪುರದ ಹಾಗೆ ಎದ್ದು ನಿಲ್ಲುತ್ತದೆ. ಅಷ್ಟು ಜನರ ಕಾಯಿಲೆ ಒಂದೇ ಹೊತ್ತಿಗೆ ತೀರ್ಮಾನಕ್ಕೆ ಬರಲು ಸಾಧ್ಯವೇ? ಕೆಲವು ಕಡೆ ಗಡಿಯಾರ ಶುರುವಾಗದಿರಲಿ ಅಂತ ರೋಗಿಗಳನ್ನು ಹೊರಗೆ ಆಂಬ್ಯುಲೆನ್ಸ್‌ನಲ್ಲೇ ಕಾಯಿಸಿದ ದೂರು ಬಂತು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲೇ ಹಣದ ನೀತಿಯ ವಿಚಾರದಲ್ಲಿ ಇದನ್ನು ಹೇಳಿದ್ದರು. ಅಳತೆಯನ್ನೇ ಗುರಿ ಮಾಡಿಕೊಂಡರೆ ಅದು ಅಳೆಯುವುದನ್ನು ಬಿಡುತ್ತದೆ.

ಇದರಲ್ಲಿ ಒಂದು ಕಳ್ಳತನ ಇದೆ, ಹಿಡಿಯಬಹುದು. ಯಾರೂ ಕಳ್ಳರಲ್ಲದೇ ಇರುವಾಗ ಆಗುವುದು ಇನ್ನೂ ಅಪಾಯ. 18ನೇ ಶತಮಾನದ ಕೊನೆಗೆ ಜರ್ಮನಿಯ ಅರಣ್ಯ ಅಧಿಕಾರಿಗಳು ಕಾಡಿನಿಂದ ಎಷ್ಟು ಮರಮಟ್ಟು ಬರುತ್ತದೆ ಅಂತ ಶಾಸ್ತ್ರೀಯವಾಗಿ ಲೆಕ್ಕ ಹಾಕಲು ಶುರು ಮಾಡಿದರು. ಬೆರಕೆ ಕಾಡು ತೆಗೆದು ಒಂದೇ ಜಾತಿಯ ಸ್ಪ್ರೂಸ್ ಮರಗಳನ್ನು ಸಾಲಾಗಿ ನೆಟ್ಟರು. ಕೆಳಗಿನ ಪೊದೆ, ಬಿದ್ದ ಕೊಂಬೆ, ಸತ್ತ ಮರ ಎಲ್ಲ ಗುಡಿಸಿದರು. ಮೊದಲ ತಲೆಮಾರಿನ ಮರಗಳು ಅದ್ಭುತವಾಗಿ ಬಂದವು. ಆ ಮರಗಳು ಹಳೆಯ ಕಾಡು ಮಣ್ಣಿನಲ್ಲಿ ಕೂಡಿಟ್ಟಿದ್ದನ್ನು ತಿಂದು ಬೆಳೆಯುತ್ತಿದ್ದವು. ಎರಡನೇ ತಲೆಮಾರಿಗೆ ಕಾಡು ಸೊರಗಿತು. ಅಷ್ಟರಲ್ಲಿ ನೂರು ವರ್ಷ ಹತ್ತಿರ ಬಂದಿತ್ತು, ಯೋಜನೆ ಮಾಡಿದವರಿಗೆ ಬಡ್ತಿ ಸಿಕ್ಕಿ, ನಿವೃತ್ತಿಯಾಗಿ, ಸತ್ತೂ ಆಗಿತ್ತು. ಆಮೇಲೆ ಬಂದವರು ಹಕ್ಕಿಗಳಿಗೆ ಮರದ ಪೆಟ್ಟಿಗೆ ಗೂಡು ಕಟ್ಟಿ ನೇತುಹಾಕಿದರು, ಇರುವೆಗಳನ್ನು ಸಾಕಿ ತಂದು ಬಿಟ್ಟರು. ವ್ಯರ್ಥ ಅಂತ ಗುಡಿಸಿ ಹಾಕಿದ್ದನ್ನೇ ಕೈಯಾರೆ ಮತ್ತೆ ತಂದಿಟ್ಟರು.

ಆಪ್ಟಿಮೈಸ್ ಅಂದರೆ ಬಹಳ ಸಲ ಇದೇ. ಲೆಕ್ಕಕ್ಕೆ ಸಿಗದ ಸಡಿಲವನ್ನೆಲ್ಲ ಬಿಗಿ ಮಾಡುವುದು. ಖಾಲಿ ಬಿದ್ದ ಹಾಸಿಗೆ, ಸುಮ್ನೆ ಕೂತಂತೆ ಕಾಣುವ ನರ್ಸ್, ವರ್ಷಕ್ಕೊಮ್ಮೆ ತೆರೆಯುವ ಗೋದಾಮು. ಸಡಿಲ ಇದ್ದಾಗ ದಂಡ ಅನ್ನಿಸುತ್ತದೆ. ಅನಿರೀಕ್ಷಿತ ಬಂದ ದಿನ ಉಳಿಸುವುದು ಅದೇ.

ಇದನ್ನೆಲ್ಲ ಒಂದು ಹೆಸರಿನ ಕೆಳಗೆ ತಂದವರು ಹೋರ್ಸ್ಟ್ ರಿಟ್ಟೆಲ್ ಮತ್ತು ಮೆಲ್ವಿನ್ ವೆಬ್ಬರ್, ಬರ್ಕ್ಲಿಯಲ್ಲಿ ಪಾಠ ಮಾಡುತ್ತಿದ್ದವರು. 1973ರಲ್ಲಿ ಇಂಥವಕ್ಕೆ ಅವರು ‘ವಿಕೆಡ್ ಪ್ರಾಬ್ಲಮ್’ ಅಂದರು. ಕನ್ನಡದಲ್ಲಿ ತಂಟೆಕೋರ ಸಮಸ್ಯೆ ಅನ್ನಬಹುದೇನೋ. ಅವರ ಮಾತಿನಲ್ಲಿ ನನಗೆ ಹಿಡಿಸಿದ್ದು ಒಂದು: ಇಲ್ಲಿ ಸಮಸ್ಯೆ ಏನು ಅಂತ ಹೇಳುವ ಹೊತ್ತಿಗೆ ಪರಿಹಾರ ಆರಿಸಿಯಾಗಿರುತ್ತದೆ. ಬೀದಿಯಲ್ಲಿ ಮಲಗುವವರ ಸಮಸ್ಯೆ ಮನೆಗಳ ಕೊರತೆ ಅಂದರೆ ಮನೆ ಕಟ್ಟಬೇಕು, ಕುಡಿತ ಅಂದರೆ ಬಿಡಿಸಬೇಕು, ಕೂಲಿ ಕಮ್ಮಿ ಅಂದರೆ ಕೂಲಿ ಏರಿಸಬೇಕು, ಊರಿನ ಅಂದ ಕೆಡುತ್ತದೆ ಅಂದರೆ ಅವರನ್ನು ಓಡಿಸಬೇಕು. ಯಾವುದನ್ನು ಅತ್ಯುತ್ತಮ ಮಾಡುತ್ತೀರಿ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿರುವಾಗ ನೇಗಿಲಿನ ವೇಗ ಅಳೆದು ಏನು ಬಂತು? ಮೊದಲು ಎಲ್ಲಿಗೆ ಅಂತ ಮಾತಾಡಬೇಕು. ಅದು ಲೆಕ್ಕ ಅಲ್ಲ, ರಾಜಕೀಯ, ಮತ್ತು ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಹಾಗಾದರೆ ಪಟ್ಟಿ ಹರಿದು ಹಾಕೋಣವೇ? ಬೇಡ. ಪೆನ್ಸಿಲ್‌ನಲ್ಲಿ ಬರೆಯೋಣ. ಚಾರ್ಲ್ಸ್ ಲಿಂಡ್‌ಬ್ಲಾಮ್ ಅನ್ನುವ ರಾಜ್ಯಶಾಸ್ತ್ರಜ್ಞ 1959ರಲ್ಲೇ ಹೇಳಿದ್ದು, ಆಡಳಿತ ನಿಜವಾಗಿ ನಡೆಯುವುದು ತಡಕಾಡುತ್ತಾ, ಈಗಿರುವಲ್ಲಿಂದ ಸಣ್ಣ ಹೆಜ್ಜೆ ಇಟ್ಟು, ನೋಡಿ, ತಿದ್ದಿಕೊಂಡು. ಅದು ಸೋಮಾರಿತನ ಅಲ್ಲ, ಅದೂ ಒಂದು ವಿಧಾನವೇ ಅಂದರು. ನಾನು ಅದಕ್ಕೆ ಒಂದೆರಡು ಪ್ರಶ್ನೆ ಸೇರಿಸುತ್ತೇನೆ. ಪಟ್ಟಿಯ ಯಾವ ಸಾಲಿಗೆ ಯಾವ ಸಾಲು ಇಲ್ಲದಿದ್ದರೆ ಅರ್ಥ ಇಲ್ಲ? ಲೆಕ್ಕದ ಯಾವ ಅಂಕಿ ಪ್ರಕೃತಿಯದ್ದು, ಯಾವುದು ಯಾರದೋ ತೀರ್ಮಾನ? ತಪ್ಪಾದರೆ ಹಿಂದೆ ಬರಲು ಆಗುತ್ತದೆಯೇ? ಮತ್ತೆ ಬಂದು ನೋಡುವವರು ಯಾರು?

ಈ ಕೊನೆಯ ಪ್ರಶ್ನೆ ಬಾಂಗ್ಲಾದೇಶದ ಕೊಳವೆಬಾವಿಗಳಿಂದ ಬಂದದ್ದು. ಅಲ್ಲಿ ಕೆರೆ ಹೊಳೆಗಳ ನೀರು ಕುಡಿದು ವಾಂತಿಭೇದಿಯಿಂದ ಮಕ್ಕಳು ಸಾಯುತ್ತಿದ್ದರು. 1970ರ ದಶಕದಿಂದ ಯುನಿಸೆಫ್ ಮತ್ತು ಸರ್ಕಾರ ಸೇರಿ ಕೈಪಂಪಿನ ಕೊಳವೆಬಾವಿ ಕೊರೆಸಿದವು. ಅಗ್ಗ, ಸರಳ, ಎಲ್ಲ ಲೆಕ್ಕದಲ್ಲೂ ಮೊದಲ ಸ್ಥಾನ. ಜನರೂ ಮೆಚ್ಚಿ ತಾವೇ ಲಕ್ಷಗಟ್ಟಲೆ ಕೊರೆಸಿಕೊಂಡರು. 1993ರಲ್ಲಿ ಗೊತ್ತಾಯಿತು, ಆ ಆಳದ ನೀರಿನಲ್ಲಿ ಆರ್ಸೆನಿಕ್ ಅನ್ನುವ ವಿಷ ಇದೆ. ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆ ಇಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಅಂಗೈ ಅಂಗಾಲು ಗಂಟುಗಂಟಾಗಿ ಒರಟಾಗುತ್ತದೆ, ಮುಂದೆ ಕ್ಯಾನ್ಸರ್ ಬರಬಹುದು. ಬಾವಿ ಕೊರೆಸುವಾಗ ನೀರು ಪರೀಕ್ಷೆ ಮಾಡುವ ರೂಢಿಯಲ್ಲಿ ಆರ್ಸೆನಿಕ್ ಇರಲೇ ಇಲ್ಲ. ಕೋಟಿಗಟ್ಟಲೆ ಜನ ಅದನ್ನು ಕುಡಿದಿದ್ದರು.

ಆಮೇಲೆ ಸುಮಾರು 50 ಲಕ್ಷ ಬಾವಿಗಳನ್ನು ಪರೀಕ್ಷಿಸಿ, ಪಂಪಿನ ಮೂತಿಗೆ ಬಣ್ಣ ಬಳಿದರು. ಲೀಟರಿಗೆ 50 ಮೈಕ್ರೊಗ್ರಾಂಗಿಂತ ಜಾಸ್ತಿ ಇದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ಕೆಂಪು ಪಂಪು ಬಿಟ್ಟು ಹಸಿರು ಪಂಪಿಗೆ ಹೋಗಿ ಅಂದರು. ಹಸಿರು ಪಂಪು ಇರುವುದು ಇನ್ನೊಬ್ಬರ ಅಂಗಳದಲ್ಲಿ. ದೂರ, ಜೊತೆಗೆ ದಾಕ್ಷಿಣ್ಯ. ಕೆಂಪು ಪಂಪು ಬಿಟ್ಟು ಮತ್ತೆ ಹೊರಗಿನ ನೀರು ಹಿಡಿದ ಮನೆಗಳಲ್ಲಿ, ದೂರದಿಂದ ತಂದು ತುಂಬಿಟ್ಟುಕೊಂಡ ಮನೆಗಳಲ್ಲಿ, ಮಕ್ಕಳ ಸಾವು ಹೆಚ್ಚಿತು ಅಂತ ಆಮೇಲೆ ಒಂದು ಅಧ್ಯಯನ ಹೇಳಿತು. ಹಳೆಯ ಶತ್ರು ಅಲ್ಲೇ ಕಾದು ಕೂತಿತ್ತು.

ಬಣ್ಣ ಕೆಲವೇ ವರ್ಷಕ್ಕೆ ಮಾಸಿತು. ಈ ನಡುವೆ ಜನ ಹೊಸ ಬಾವಿಗಳನ್ನು ಕೊರೆಸುತ್ತಲೇ ಹೋದರು. ಆ ಪಂಪುಗಳಿಗೆ ಕೆಂಪೂ ಇಲ್ಲ, ಹಸಿರೂ ಇಲ್ಲ, ಬರೀ ಕಬ್ಬಿಣದ ಬಣ್ಣ.